ಆಟ ನೋಡಿ ಪಳಗಿದ ಕಣ್ಣಿಗೆ ಬ್ಯಾಲೆ: ಹೆಜ್ಜೆ ಗುರುತಿಸುವುದರಿಂದ ಕಾರವಾರದಲ್ಲಿ ರೈಲು ಹತ್ತುವವರೆಗೆ

ಉತ್ತರ ಕನ್ನಡದ ಗುಣವಂತೆ, ಕರ್ಕಿ, ಇಡಗುಂಜಿಯ ಕಡೆ ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡಿದವರಿಗೆ ಬ್ಯಾಲೆಯನ್ನು ಅ ಆ ಇ ಈಯಿಂದ ಕಲಿಸಬೇಕಾಗಿಲ್ಲ. ಗಿರ್ಕಿ (ಸುತ್ತು) ಹೊಡೆದ ವೇಷಧಾರಿ ಚಂಡೆಯ ಕೊನೆಯ ಪೆಟ್ಟಿಗೆ ಸರಿಯಾಗಿ ನಿಂತನೋ, ಅರ್ಧ ಹೆಜ್ಜೆ ಜಾರಿದನೋ ಎಂದು ಹಿಂದಿನ ಸಾಲಿನಲ್ಲಿ ಕೂತೇ ಹೇಳಬಲ್ಲ ಕಣ್ಣು ನಮ್ಮದು. ಬ್ಯಾಲೆಗೂ ಬೇಕಾದದ್ದು ಅದೇ ಕಣ್ಣು. ಬಿಡಬೇಕಾದ ಅಭ್ಯಾಸ ಒಂದೇ, ಮಾತಿಗಾಗಿ ಕಾಯುವುದು. ಪದ್ಯ ಮುಗಿದ ಮೇಲೆ ಅರ್ಥ ಬರುತ್ತದೆ ಎಂದು ಕಾದು ಕೂತರೆ ಬ್ಯಾಲೆಯಲ್ಲಿ ಎರಡೂವರೆ ತಾಸು ಹಾಗೇ ಕಳೆದುಹೋಗುತ್ತದೆ. ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಿ. ನಮ್ಮಲ್ಲಿ ಬ್ಯಾಲೆ ಎಂದರೆ ಕೆಲವರಿಗೆ ಶಾಲೆಯ ಗ್ಯಾದರಿಂಗಿನ ನೃತ್ಯರೂಪಕ, ಹಿರಿಯರಿಗೆ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆ. ಇಲ್ಲಿ ಹೇಳುತ್ತಿರುವುದು ಇಟಲಿಯ ಅರಮನೆಗಳಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಶಾಸ್ತ್ರವಾಗಿ, 19ನೇ ಶತಮಾನದ ರಷ್ಯಾದಲ್ಲಿ ಮೈತುಂಬಿಕೊಂಡ ಬ್ಯಾಲೆ. 14ನೇ ಲೂಯಿ ಪ್ಯಾರಿಸ್ಸಿನಲ್ಲಿ ನೃತ್ಯ ಅಕಾಡೆಮಿ ಸ್ಥಾಪಿಸಿದ್ದು 1661ರಲ್ಲಿ. ಇವತ್ತು ಟೋಕಿಯೋದಲ್ಲಿ ಪಾಠ ಹೇಳಿದರೂ ಹೆಜ್ಜೆಗಳ ಹೆಸರು ಫ್ರೆಂಚಿನಲ್ಲೇ ಇರುವುದಕ್ಕೆ ಕಾರಣ ಅದು.

ಮೊದಲು ನಿಮ್ಮ ಮೈಯಲ್ಲೇ ಪ್ರಯೋಗ

ವಿಡಿಯೋ ಹಾಕುವ ಮುಂಚೆ ಹತ್ತು ನಿಮಿಷ ಇದನ್ನು ಮಾಡಿ. ಅಡುಗೆಮನೆ ಕಟ್ಟೆಯನ್ನು ಒಂದು ಕೈಯಲ್ಲಿ ಹಗುರಾಗಿ ಹಿಡಿದು, ಹಿಮ್ಮಡಿಗಳನ್ನು ಜೋಡಿಸಿ, ಪಾದಗಳನ್ನು ಹೊರಗೆ ತಿರುಗಿಸಿ ನಿಲ್ಲಿ. ಎರಡು ಪಾದಗಳ ನಡುವೆ 90 ಡಿಗ್ರಿ ಬಂದರೆ ಸಾಕು. ವೃತ್ತಿಯವರದು 180ರ ಹತ್ತಿರ ಹೋಗುತ್ತದೆ, ನಿಮಗದು ಬೇಡ. ಈಗ ಹಿಮ್ಮಡಿ ಎತ್ತದೆ ಮಂಡಿ ಮಡಚಿ. ಮಂಡಿಚಿಪ್ಪು ಕಾಲ್ಬೆರಳುಗಳು ಇರುವ ದಿಕ್ಕಿಗೇ ಹೋಗಬೇಕು. ಒಳಗೆ ವಾಲಿದರೆ ನೀವು ತಿರುಗಿಸಿದ್ದು ಪಾದವನ್ನು, ಸೊಂಟದ ಕೀಲನ್ನಲ್ಲ. ಆ ಒತ್ತಡವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಕಲಿಯುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇದೇ. ನೋವು ಬಂದರೆ ಕೋನ ಕಡಿಮೆ ಮಾಡಿ.

ಈ ಮಡಚುವಿಕೆಗೆ ಪ್ಲಿಯೆ ಎನ್ನುತ್ತಾರೆ. ಎಲ್ಲ ಜಿಗಿತದ ಮೊದಲೂ ಕೊನೆಯೂ ಇದೇ. ಇನ್ನು ಕಟ್ಟೆ ಬಿಟ್ಟು, ತುದಿಗಾಲಿನಲ್ಲಿ ಹತ್ತು ಸೆಕೆಂಡ್ ನಿಲ್ಲಿ. ಪಾದದ ಗಂಟು ನಡುಗುವುದು ಗೊತ್ತಾಗುತ್ತದೆ. ಕೊನೆಯದಾಗಿ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಒಂದು ಕುಂಕುಮದ ಬೊಟ್ಟಿಡಿ. ಅದನ್ನೇ ನೋಡುತ್ತಾ ಮೈಯನ್ನು ನಿಧಾನ ತಿರುಗಿಸಿ. ಕತ್ತು ಇನ್ನು ತಿರುಗದು ಅನ್ನಿಸಿದಾಗ ತಲೆಯನ್ನು ಒಮ್ಮೆಗೇ ಸುತ್ತಿಸಿ ಮತ್ತೆ ಅದೇ ಬೊಟ್ಟಿಗೆ ತನ್ನಿ. ಬ್ಯಾಲೆಯವರು ಎಷ್ಟು ಸುತ್ತು ಹೊಡೆದರೂ ತಲೆ ತಿರುಗಿ ಬೀಳದಿರುವುದು ಈ ಉಪಾಯದಿಂದ. ತಲೆ ಕೊನೆಗೆ ಹೊರಡುತ್ತದೆ, ಮೊದಲು ತಲುಪುತ್ತದೆ.

ನಮ್ಮ ಕುಣಿತಕ್ಕೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಈ ಹತ್ತು ನಿಮಿಷದಲ್ಲಿ ನಿಮ್ಮ ಮೈಯೇ ಹೇಳಿಬಿಡುತ್ತದೆ. ಯಕ್ಷಗಾನದ ಕಾಲು ನೆಲವನ್ನು ಒಪ್ಪಿಕೊಳ್ಳುತ್ತದೆ. ಬಡಿಯುತ್ತದೆ, ಗೆಜ್ಜೆಯಿಂದ ಅದನ್ನು ಸಾರುತ್ತದೆ. ಬ್ಯಾಲೆಯ ಕಾಲು ನೆಲವೇ ಇಲ್ಲವೆಂಬಂತೆ ನಟಿಸುತ್ತದೆ. ಇಳಿಯುವಾಗ ಸದ್ದಾದರೆ ಅಲ್ಲಿ ಅದು ಲೋಪ.

ತುದಿಗಾಲಿನ ಶೂ

ಪಾಯಿಂಟ್ ಶೂ ಒಳಗೆ ಮರ, ಕಬ್ಬಿಣ ಇರುತ್ತದೆ ಎಂಬುದು ನಮ್ಮ ಕಡೆ ಹಲವರ ನಂಬಿಕೆ. ಇರುವುದಿಲ್ಲ. ಬೆರಳುಗಳನ್ನು ಸುತ್ತುವರಿಯುವ ಗಟ್ಟಿ ಭಾಗ ಬಟ್ಟೆ, ಕಾಗದ, ಅಂಟುಗಳ ಪದರ. ಅದಕ್ಕೆ ಬಾಕ್ಸ್ ಎನ್ನುತ್ತಾರೆ. ಅಂಗಾಲಿನ ಕೆಳಗೆ ಶ್ಯಾಂಕ್ ಎಂಬ ಬಿಗಿ ಪಟ್ಟಿ. ಮೇಲೆ ಸ್ಯಾಟಿನ್ ಬಟ್ಟೆ. ರಿಬ್ಬನ್ನು ಮತ್ತು ಎಲಾಸ್ಟಿಕ್ಕನ್ನು ನರ್ತಕಿಯೇ ತನ್ನ ಪಾದಕ್ಕೆ ತಕ್ಕಂತೆ ಹೊಲಿದುಕೊಳ್ಳುತ್ತಾಳೆ. ಹೊಸ ಶೂವನ್ನು ಕೈಯಿಂದ ಬಗ್ಗಿಸಿ, ನೆಲಕ್ಕೋ ಗೋಡೆಗೋ ಬಡಿದು ಪಳಗಿಸುತ್ತಾಳೆ. ಹಾಗೆ ಬಡಿಯದಿದ್ದರೆ ರಂಗದ ಮೇಲೆ ಟಕಟಕ ಸದ್ದು. ತುದಿಯ ಸ್ಯಾಟಿನ್ ಜಾರುವುದರಿಂದ ಅದನ್ನು ಕತ್ತರಿಸುವವರಿದ್ದಾರೆ, ದಾರದಿಂದ ಹೆಣೆಯುವವರೂ ಇದ್ದಾರೆ. ಬೆವರು ಇಳಿದಂತೆ ಅಂಟು ಮೆತ್ತಗಾಗಿ ಬಾಕ್ಸ್ ಸಾಯುತ್ತದೆ. ಒಂದು ದೊಡ್ಡ ಪಾತ್ರಕ್ಕೆ ಒಂದು ಜೊತೆ, ಕೆಲವೊಮ್ಮೆ ಅಂಕಕ್ಕೊಂದು ಜೊತೆ ಮುಗಿಯುವುದು ಹೊಸದೇನಲ್ಲ.

ಅಂದಹಾಗೆ, ಮನೆಯ ಹುಡುಗಿ ವಿಡಿಯೋ ನೋಡಿ ಆಸೆಪಟ್ಟಳೆಂದು ಆನ್‌ಲೈನಿನಲ್ಲಿ ಈ ಶೂ ತರಿಸಿ ಕೊಡಬೇಡಿ. ಹಲವು ವರ್ಷದ ತರಬೇತಿ ಆಗಿ, ಸಾಮಾನ್ಯವಾಗಿ 11–12ರ ವಯಸ್ಸಿನ ನಂತರ, ಗುರು ಒಪ್ಪಿದ ಮೇಲೆ ಹಾಕುವ ಶೂ ಇದು. ಪಾದದ ಗಂಟಿಗೆ ಬಲ ಬರುವ ಮುನ್ನ ಹಾಕಿದರೆ ಉಳುಕುವ ಅಪಾಯ ಹೆಚ್ಚು.

ಪ್ರದರ್ಶನಕ್ಕಿಂತ ಮೊದಲು ಪಾಠ ನೋಡಿ

ಹೊಸಬರು ನೇರ 'ಸ್ವಾನ್ ಲೇಕ್' ಪೂರ್ತಿ ಹಾಕಿ ಮೊದಲ ಅಂಕದಲ್ಲೇ ನಿದ್ದೆ ಹೋಗುತ್ತಾರೆ. ಅದರ ಬದಲು ವರ್ಲ್ಡ್ ಬ್ಯಾಲೆ ಡೇ ವಿಡಿಯೋಗಳಿಂದ ಶುರುಮಾಡಿ. 2014ರಿಂದ ದೊಡ್ಡ ತಂಡಗಳು ವರ್ಷಕ್ಕೊಂದು ದಿನ ತಮ್ಮ ಬೆಳಗಿನ ಪಾಠವನ್ನು ನೇರ ಪ್ರಸಾರ ಮಾಡುತ್ತಿವೆ. ಯೂಟ್ಯೂಬಿನಲ್ಲಿ ಅವು ಪುಕ್ಕಟೆ ಸಿಗುತ್ತವೆ. ತಾಳಮದ್ದಳೆ ಕೇಳಿ ಪ್ರಸಂಗ ಗೊತ್ತುಮಾಡಿಕೊಂಡ ಹಾಗೆ, ಪಾಠ ನೋಡಿದರೆ ಹೆಜ್ಜೆ ಗೊತ್ತಾಗುತ್ತದೆ.

ಪಾಠಕ್ಕೊಂದು ಕ್ರಮವಿದೆ. ಮೊದಲು ಕಂಬಿ ಹಿಡಿದು ಪ್ಲಿಯೆ. ಆಮೇಲೆ ಪಾದವನ್ನು ನೆಲದ ಮೇಲೆ ನೀಳವಾಗಿ ಚಾಚುವ ತಾಂದ್ಯೂ, ಕಾಲಿನಿಂದ ನೆಲದ ಮೇಲೆ ಅರ್ಧಚಂದ್ರ ಬರೆಯುವ ರೋಂ ದ ಜಾಂಬ್. ಕಂಬಿಯ ಕೊನೆಯಲ್ಲಿ ಕಾಲನ್ನು ಎತ್ತರಕ್ಕೆ ಬೀಸುವ ಗ್ರಾಂ ಬಾತ್‌ಮಾಂ. ನಂತರ ಕಂಬಿ ಬಿಟ್ಟು ಕೋಣೆಯ ನಡುವೆ ನಿಧಾನಗತಿಯ ಅದಾಜಿಯೋ, ಸುತ್ತುಗಳು, ಸಣ್ಣ ಜಿಗಿತ, ಕೊನೆಗೆ ಕೋಣೆಯ ಮೂಲೆಯಿಂದ ಮೂಲೆಗೆ ಹಾರುವ ದೊಡ್ಡ ಜಿಗಿತ. ಒಟ್ಟು ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ. ಒಬ್ಬರನ್ನೇ ಆರಿಸಿಕೊಂಡು ಮೊದಲಿಂದ ಕೊನೆವರೆಗೆ ಅವರನ್ನೇ ನೋಡಿ. ಕಂಬಿಯಲ್ಲಿ ಕಂಡ ತಾಂದ್ಯೂ ಕೊನೆಯ ಜಿಗಿತದಲ್ಲಿ ಹೇಗೆ ಬಾಣದಂಥ ಪಾದವಾಯಿತು ಎಂದು ಕಂಡರೆ ಅವತ್ತಿನ ಕೆಲಸ ಆಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿ ಮನೆಗಳಲ್ಲಿ ಸಂಜೆ ನೆಟ್‌ವರ್ಕ್ ಕೈಕೊಡುವುದು ಗೊತ್ತೇ ಇದೆ. ವಿಡಿಯೋ ನಿಂತು ನಿಂತು ಓಡಿದರೆ ಕಣ್ಣಿಗೆ ಲಯ ಸಿಗುವುದಿಲ್ಲ. ಗುಣಮಟ್ಟ ಕಡಿಮೆಯಾದರೆ ಮೊದಲು ಮಸುಕಾಗುವುದೇ ಪಾದಗಳು. ಬೆಳಗಿನ ಜಾವ ಆಫ್‌ಲೈನಿಗೆ ಇಳಿಸಿಟ್ಟುಕೊಂಡು ಆಮೇಲೆ ನೋಡಿ. ಮೇಳಗಳ ತಿರುಗಾಟ ಇಲ್ಲದ ಮಳೆಗಾಲದ ನಾಲ್ಕು ತಿಂಗಳು ಇದಕ್ಕೆ ಹೇಳಿಮಾಡಿಸಿದ ಕಾಲ.

ಕಣ್ಣು ಎಲ್ಲಿ ಇಡಬೇಕು

ಅರಬೆಸ್ಕ್ ಎಂದರೆ ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಭಂಗಿ. ಎತ್ತಿದ ಕಾಲು ಎಷ್ಟು ಎತ್ತರ ಎಂದು ಎಲ್ಲರೂ ನೋಡುತ್ತಾರೆ. ನೀವು ನಿಂತ ಕಾಲನ್ನು ನೋಡಿ. ಅದರ ಮಂಡಿ ನೆಟ್ಟಗಿದೆಯೇ, ಬೆನ್ನು ಮುಂದಕ್ಕೆ ಕುಸಿಯಿತೇ? ಕಾಲೆತ್ತುವ ಆಸೆಯಲ್ಲಿ ಎದೆ ಕೆಳಗಿಳಿದರೆ ಭಂಗಿ ತಕ್ಕಡಿಯ ಹಾಗೆ ಕಾಣುತ್ತದೆ. ಸುತ್ತಿನಲ್ಲಿ, ಅಂದರೆ ಪಿರುಯೆಟ್‌ನಲ್ಲಿ, ಎಷ್ಟು ಸುತ್ತು ಎಂಬ ಲೆಕ್ಕಕ್ಕಿಂತ ಹೇಗೆ ನಿಂತರು ಎನ್ನುವುದು ಮುಖ್ಯ. ಐದು ಸುತ್ತು ಹೊಡೆದು ತತ್ತರಿಸಿ ನಿಂತವನಿಗಿಂತ ಮೂರು ಹೊಡೆದು, ಮೇಲೆ ಒಂದು ಕ್ಷಣ ತೇಲಿ, ಸಂಗೀತದ ಜೊತೆ ಇಳಿದವನು ಮೇಲು. ಆಟದಲ್ಲಿ ಬಿಡ್ತಿಗೆಗೆ, ಅಂದರೆ ಮುಕ್ತಾಯದ ಪೆಟ್ಟಿಗೆ, ಸರಿಯಾಗಿ ನಿಲ್ಲದ ಗಿರ್ಕಿಗೆ ನಾವು ಎಷ್ಟು ಅಂಕ ಕೊಡುತ್ತೇವೆ?

ಜಿಗಿತದಲ್ಲಿ ಇಳಿಯುವುದನ್ನು ನೋಡಿ. ಬೆರಳು, ಪಾದದ ಮುಂಭಾಗ, ಹಿಮ್ಮಡಿ, ಆಮೇಲೆ ಪ್ಲಿಯೆ, ಈ ಕ್ರಮದಲ್ಲಿ ಇಳಿದರೆ ಸದ್ದಿಲ್ಲ. ಆಂತ್ರಶಾ ಸೀಸ್ ಎಂಬ ನೆಟ್ಟಗಿನ ಜಿಗಿತದಲ್ಲಿ ಗಾಳಿಯಲ್ಲೇ ಕಾಲುಗಳು ಒಂದರ ಹಿಂದೊಂದು ಅದಲುಬದಲಾಗುತ್ತವೆ. 'ಜಿಸೆಲ್'ನ ಎರಡನೇ ಅಂಕದಲ್ಲಿ ನಾಯಕ ಆಲ್ಬ್ರೆಕ್ಟ್ ಸಾಯುವವರೆಗೆ ಕುಣಿಯುವ ಶಾಪಕ್ಕೆ ಸಿಕ್ಕಾಗ ಕೆಲವು ನರ್ತಕರು ಇದನ್ನು ಸಾಲುಸಾಲಾಗಿ ಹೊಡೆಯುತ್ತಾರೆ. ತೋಳು ಸಡಿಲವಾಗಿ, ಮುಖದಲ್ಲಿ ದಣಿವು ಕಂಡು, ಕಾಲು ಮಾತ್ರ ಕತ್ತರಿಯಂತೆ ಸ್ಪಷ್ಟವಾಗಿದ್ದರೆ ಅವನು ಪಾತ್ರದಲ್ಲಿದ್ದಾನೆ. ತೋಳಿನಿಂದ ಮೈ ಎತ್ತುತ್ತಿದ್ದರೆ ನಿಜವಾಗಿಯೂ ದಣಿದಿದ್ದಾನೆ.

ಇನ್ನು ಆ ಹೆಸರಾಂತ ಮೂವತ್ತೆರಡು ಫ್ವೆಟ್ಟೆ, ಅಂದರೆ ಒಂಟಿಗಾಲಿನ ಮೇಲೆ ಸಾಲಾಗಿ ಹೊಡೆಯುವ ಸುತ್ತು. 'ಸ್ವಾನ್ ಲೇಕ್' ಮೊದಲು ಕಂಡದ್ದು 1877ರಲ್ಲಿ ಮಾಸ್ಕೋದಲ್ಲಿ. ಈಗ ನಾವು ನೋಡುವುದರ ಮೂಲ 1895ರ ಪೀಟರ್ಸ್‌ಬರ್ಗ್ ಪ್ರಯೋಗ. ಅದರಲ್ಲಿ ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ ಕಪ್ಪು ಹಂಸದ ಪಾತ್ರದಲ್ಲಿ ಇದನ್ನು ಮಾಡಿದಳು. ಒಂದೊಂದು ಸುತ್ತಿಗೂ ನಿಂತ ಕಾಲಿನ ಹಿಮ್ಮಡಿ ನೆಲಕ್ಕೆ ಇಳಿದು ಮಂಡಿ ಮಡಚುತ್ತದೆ. ಎತ್ತಿದ ಕಾಲು ಮುಂದೆ ಚಾಚಿ, ಪಕ್ಕಕ್ಕೆ ಬೀಸಿ, ಚಾಟಿಯಂತೆ ಮಂಡಿಗೆ ಮರಳುತ್ತದೆ. ಆ ಬೀಸಿನಿಂದಲೇ ಮುಂದಿನ ಸುತ್ತು. ಎಡವುವುದು ಎಲ್ಲಿ? ಮಡಚುವಾಗ ತೂಕ ಸ್ವಲ್ಪ ಮುಂದೆ ಹೋದರೆ ಪ್ರತಿ ಸುತ್ತಿಗೂ ನರ್ತಕಿ ನಾಲ್ಕು ಬೆರಳಷ್ಟು ಪ್ರೇಕ್ಷಕರ ಕಡೆ ಸರಿಯುತ್ತಾಳೆ. ಮೂವತ್ತೆರಡಕ್ಕೆ ಲೆಕ್ಕ ಹಾಕಿ, ರಂಗದ ಅಂಚೇ ಬಂದುಬಿಡುತ್ತದೆ. ನೋಡುವಾಗ ಹಿಂದಿನ ಪರದೆಯ ಒಂದು ಗುರುತಿಗೆ ಅವಳ ತಲೆಯನ್ನು ಹೊಂದಿಸಿಟ್ಟುಕೊಳ್ಳಿ, ಸರಿದದ್ದು ತಕ್ಷಣ ಗೊತ್ತಾಗುತ್ತದೆ. ಇಷ್ಟಾಗಿಯೂ ಫ್ವೆಟ್ಟೆ ಬದಲು ರಂಗವನ್ನು ಸುತ್ತುಹಾಕುವ ಬೇರೆ ಸುತ್ತುಗಳನ್ನು ಮಾಡಿದವರನ್ನು ಹಗುರಾಗಿ ಕಾಣಬೇಡಿ. ರಷ್ಯಾದ ಮಾಯಾ ಪ್ಲಿಸೆಟ್ಸ್ಕಾಯಾ ಅಂಥ ಮಹಾನರ್ತಕಿಯೇ ಹಾಗೆ ಮಾಡುತ್ತಿದ್ದಳು. ಸುತ್ತು ಎಣಿಸಿ ಮನೆಗೆ ಹೋಗುವ ಅಭಿಮಾನಿ ಆಟದಲ್ಲಿ ಮಂಡಿಕುಣಿತದ ಸುತ್ತು ಎಣಿಸಿ ಚಪ್ಪಾಳೆ ತಟ್ಟುವವನ ಜಾತಿಯವನೇ.

ಗುಂಪನ್ನು ನೋಡಲು ಬೇರೆ ಕಣ್ಣು ಬೇಕು. ಮರಿಹಂಸಗಳ ನೃತ್ಯದಲ್ಲಿ ನಾಲ್ವರು ಕೈಕೈ ಹೆಣೆದುಕೊಂಡು ಸಾಗುತ್ತಾರೆ. ಒಬ್ಬಳು ತಪ್ಪಿದರೆ ಉಳಿದ ಮೂವರನ್ನೂ ಎಳೆಯುತ್ತಾಳೆ. ಇಲ್ಲಿ ಪಾದ ಬಿಟ್ಟು ತಲೆಗಳನ್ನು ನೋಡಿ, ನಾಲ್ಕೂ ಒಂದೇ ಕ್ಷಣಕ್ಕೆ ತಿರುಗಬೇಕು.

'ಲಾ ಬಯಾದೇರ್' (1877) ನಮಗೆ ಇನ್ನೂ ಹತ್ತಿರದ್ದು, ಕಥೆ ನಡೆಯುವುದು ಭಾರತದಲ್ಲಿ. ಬಯಾದೇರ್ ಎಂಬ ಮಾತೇ ಕುಣಿಯುವವಳು ಎಂಬರ್ಥದ ಪೋರ್ಚುಗೀಸ್ 'ಬೈಲಾದೈರಾ'ದಿಂದ ಬಂದದ್ದು. ಗೋವೆಯ ಪಕ್ಕದಲ್ಲಿರುವ ನಮಗೆ ಈ ಪದದ ಗುರುತು ಹತ್ತಲು ತಡವಾಗದು. ಅಲ್ಲಿನ ಗುಡಿ, ಪೂಜಾರಿ, ವೇಷಭೂಷಣ ನೋಡಿದರೆ ನಗು ಬರುತ್ತದೆ. ನಕ್ಕುಬಿಡಿ, ಆಮೇಲೆ ನೆರಳುಗಳ, ಅಂದರೆ ಸತ್ತವರ ಆತ್ಮಗಳ, ಪ್ರವೇಶಕ್ಕೆ ಕಾಯಿರಿ. ಬಿಳಿಯುಟ್ಟ ನರ್ತಕಿಯರು ಇಳಿಜಾರಿನ ಮೇಲಿಂದ ಒಬ್ಬೊಬ್ಬರಾಗಿ ಅದೇ ಅರಬೆಸ್ಕ್, ಅದೇ ಹೆಜ್ಜೆ ಹಾಕುತ್ತಾ ಬರುತ್ತಾರೆ. ದೊಡ್ಡ ತಂಡದಲ್ಲಿ 32 ಮಂದಿ, ಕೆಲವೆಡೆ 24. ಮೊದಲು ಬಂದವಳು ಅದನ್ನೇ ಮತ್ತೆ ಮತ್ತೆ ಮಾಡಬೇಕು, ಅದೂ ಇಳಿಜಾರಿನಲ್ಲಿ. ಕಾಲು ನಡುಗುವುದು ಕಂಡರೆ ಅದು ಅಲ್ಲೇ ಕಾಣುತ್ತದೆ.

ಕೈಮಾತು ಸ್ವಲ್ಪ ಗೊತ್ತಿರಲಿ

ಮಾತಿಲ್ಲ ಎಂದೆವು, ಮೂಕಾಭಿನಯ ಇದೆ. ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ಸುತ್ತಿಸಿದರೆ 'ಕುಣಿ'. ಉಂಗುರದ ಬೆರಳು ತೋರಿಸಿದರೆ ಮದುವೆ. ಎರಡು ಬೆರಳು ಮೇಲೆತ್ತಿದರೆ ಆಣೆ. ಮುಷ್ಟಿಗಳನ್ನು ಮಣಿಕಟ್ಟಿನಲ್ಲಿ ಅಡ್ಡ ಹಾಕಿ ಕೆಳಗೆ ಇಳಿಸಿದರೆ ಸಾವು. ಮುಖದ ಸುತ್ತ ಕೈ ಸುಳಿದರೆ ಚೆಲುವು. ಇಷ್ಟು ಸಾಕು. ಕಥೆಯನ್ನು ಮಾತ್ರ ಒಂದು ಪುಟದಲ್ಲಿ ಮೊದಲೇ ಓದಿಟ್ಟುಕೊಳ್ಳಿ.

ಭಾಗವತರಿಲ್ಲದ ಆಟ

ಜೋಡಿ ನೃತ್ಯಕ್ಕೆ ಪಾ ದ ದ್ಯೂ ಎಂದು ಹೆಸರು. ಇಬ್ಬರ ಪ್ರವೇಶ ಮತ್ತು ನಿಧಾನದ ನೃತ್ಯ, ಅವನ ಒಂಟಿ ನೃತ್ಯ, ಅವಳ ಒಂಟಿ ನೃತ್ಯ, ಕೊನೆಗೆ ಏರುಲಯದ ಕೋಡಾ. ಈ ಕಟ್ಟು ಗೊತ್ತಿದ್ದರೆ ಎಲ್ಲಿ ಚಪ್ಪಾಳೆ ತಟ್ಟಬೇಕೆಂದೂ ಗೊತ್ತಾಗುತ್ತದೆ.

ಇಲ್ಲಿ ಗಮನಿಸಬೇಕಾದ್ದು ವಾದ್ಯವೃಂದದ ನಿರ್ವಾಹಕ. ಕುಣಿಯುವವರ ಉಸಿರು ನೋಡಿ ಭಾಗವತರು ಪದ್ಯ ಎಳೆಯುವ ಹಾಗೆ, ಒಳ್ಳೆಯ ನಿರ್ವಾಹಕ ನರ್ತಕಿಯ ಕಾಲು ನೋಡಿ ಲಯವನ್ನು ಎಳೆಯೊಂದಷ್ಟು ಹಿಡಿದುಕೊಳ್ಳುತ್ತಾನೆ. 'ಸ್ಲೀಪಿಂಗ್ ಬ್ಯೂಟಿ'ಯಲ್ಲಿ (1890) ರಾಜಕುಮಾರಿ ಅರೋರಾ ಒಂಟಿಗಾಲಿನ ತುದಿಯಲ್ಲಿ ನಿಂತು, ಅವಳ ಕೈಹಿಡಿಯಲು ಬಂದ ನಾಲ್ವರು ವರರ ಕೈಯನ್ನು ಒಂದೊಂದಾಗಿ ಹಿಡಿದು ಬಿಡುತ್ತಾಳೆ. ಬಿಟ್ಟ ಕೈ ತಲೆಯ ಮೇಲೆ ಹೋಗಿ ಮುಂದಿನವನ ಕೈಗೆ ಬರುವವರೆಗೆ ಅವಳಿಗೆ ಆಧಾರವಿಲ್ಲ. ಅವಳ ಬೆರಳುಗಳನ್ನು ನೋಡಿ. ಗಬಕ್ಕನೆ ಹಿಡಿದರೆ ಆಯ ತಪ್ಪುತ್ತಿದೆ ಎಂದರ್ಥ. ಹೂ ತೆಗೆದುಕೊಂಡಂತೆ ಹಿಡಿದರೆ ಆಯ ಗಟ್ಟಿಯಿದೆ. ಧ್ವನಿಮುದ್ರಿತ ಸಂಗೀತವಿದ್ದರೆ ಈ ಚೌಕಾಸಿಗೆ ಜಾಗವೇ ಇಲ್ಲ. ಟೇಪು ಯಾರಿಗೂ ಕಾಯುವುದಿಲ್ಲ, ಸಮತೋಲ ಸಿಕ್ಕಿದ್ದರೂ ನರ್ತಕಿ ಬಿಟ್ಟು ಓಡಬೇಕು. ಟಿಕೆಟ್ ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ: ಹಿಮ್ಮೇಳ ಇದೆಯೋ, ಟೇಪೋ?

ಟಿಕೆಟ್ ಕೊಳ್ಳುವ ಮುನ್ನ

ಭಾರತಕ್ಕೆ ಬರುವ ಪ್ರವಾಸಿ ತಂಡಗಳ ಹೆಸರಿನಲ್ಲಿ 'ರಾಯಲ್', 'ಇಂಪೀರಿಯಲ್', 'ರಷ್ಯನ್' ಇದ್ದ ಮಾತ್ರಕ್ಕೆ ಅದು ಹೆಸರಾಂತ ರಂಗಮಂದಿರದ ತಂಡವಲ್ಲ. ಜಾಹೀರಾತಿನಲ್ಲಿ ನೃತ್ಯ ಸಂಯೋಜಕರ ಹೆಸರು, ಮುಖ್ಯ ನರ್ತಕರ ಹೆಸರು, ವಾದ್ಯವೃಂದದ ಹೆಸರು ಹುಡುಕಿ. ಮೂರೂ ಇಲ್ಲದಿದ್ದರೆ ನಿರೀಕ್ಷೆ ಇಳಿಸಿಕೊಳ್ಳಿ. 'ಸ್ವಾನ್ ಲೇಕ್' ಆದರೆ ಹಂಸಗಳು ಎಷ್ಟು ಎಂದು ತಂಡದ ಹಳೆಯ ವಿಡಿಯೋದಲ್ಲಿ ಎಣಿಸಿ. ಇಪ್ಪತ್ನಾಲ್ಕಿರಬೇಕಾದ ಕಡೆ ಹನ್ನೆರಡಿದ್ದರೆ ಕೊಳದ ದೃಶ್ಯ ಖಾಲಿಖಾಲಿ.

ಮುಂಬೈಯಲ್ಲಿ ನೋಡಬೇಕಾದ ಜಾಗ ಎರಡು. ನರಿಮನ್ ಪಾಯಿಂಟಿನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ (ಎನ್‌ಸಿಪಿಎ) ಜಮ್ಶೆಡ್ ಭಾಭಾ ರಂಗಮಂದಿರ, ಮತ್ತು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ 2023ರ ಮಾರ್ಚಿನಲ್ಲಿ ತೆರೆದ ನೀತಾ ಮುಕೇಶ್ ಅಂಬಾನಿ ಕಲ್ಚರಲ್ ಸೆಂಟರಿನ 2,000 ಆಸನದ ಗ್ರ್ಯಾಂಡ್ ಥಿಯೇಟರ್. ಎರಡೂ ಒಂದಕ್ಕೊಂದು ದೂರ, ಟಿಕೆಟ್ಟಿನಲ್ಲಿ ಯಾವುದೆಂದು ನೋಡಿಯೇ ಲಾಡ್ಜ್ ಮಾಡಿ.

ಆಟಕ್ಕೆ ರಂಗಸ್ಥಳದ ಬುಡದಲ್ಲೇ ಚಾಪೆ ಹಾಸುವ ನಮ್ಮ ರೂಢಿ ಇಲ್ಲಿ ನಷ್ಟದ್ದು. ಮೊದಲ ಸಾಲಿನಿಂದ ರಂಗದ ಅಂಚು ಪಾದಗಳನ್ನೇ ಮರೆಮಾಡುತ್ತದೆ, ಸಾಲುಗಳ ವಿನ್ಯಾಸವೂ ಕಾಣದು. ಮೊದಲ ಬಾಲ್ಕನಿಯ ಮುಂದಿನ ಸಾಲುಗಳ ನಡುಭಾಗ ಉತ್ತಮ. ಅದು ದುಬಾರಿಯಾದರೆ ಇನ್ನೂ ಮೇಲಿನ ಬಾಲ್ಕನಿಯ ನಡುಭಾಗ ಹಿಡಿಯಿರಿ, ಕೆಳಗಿನ ಪಕ್ಕದ ಸೀಟು ಬೇಡ. ಪಕ್ಕದಿಂದ ರಂಗದ ಒಂದು ಭಾಗ ಕಾಣುವುದೇ ಇಲ್ಲ.

ದಾಂಡೇಲಿಯಲ್ಲಿ ಮಂಗಟ್ಟೆ ನೋಡಲು ಕೊಂಡ 8x42 ದುರ್ಬೀನು ಇದ್ದರೆ ಮನೆಯಲ್ಲೇ ಬಿಡಿ. ಎಂಟು ಪಟ್ಟು ಹಿಗ್ಗಿಸಿದರೆ ಇಪ್ಪತ್ತು ಮೀಟರಿನಲ್ಲಿ ಒಬ್ಬ ನರ್ತಕಿ ಮಾತ್ರ ಕಣ್ಣಿಗೆ ಸಿಗುತ್ತಾಳೆ, ಜಿಗಿದರೆ ಅವಳೂ ಚೌಕಟ್ಟಿನಿಂದ ಹೊರಗೆ. ಅರ್ಧ ಕಿಲೋಗಿಂತ ಹೆಚ್ಚು ಭಾರ ಬೇರೆ. ಮೂರು ಪಟ್ಟಿನ ಚಿಕ್ಕ ಆಪೆರಾ ಗ್ಲಾಸ್ ಸಾಕು. ಅದನ್ನೂ ಮುಖಭಾವ ನೋಡಲು ಮಾತ್ರ ಎತ್ತಿ.

ಹೊರಡುವುದು

ಕಾರವಾರ, ಕುಮಟಾದವರಿಗೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಹತ್ತಿದರೆ ಬೆಳಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್, ಅಲ್ಲಿಂದ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಹತ್ತಿರ. ಮರಳುವ ಗಾಡಿ ಹೊರಡುವುದು ಮಧ್ಯಾಹ್ನ, ಪ್ರದರ್ಶನ ಮುಗಿಯುವುದು ರಾತ್ರಿ. ಹಾಗಾಗಿ ಒಂದು ರಾತ್ರಿಯ ವಸತಿ ಲೆಕ್ಕದಲ್ಲಿ ಇರಲೇಬೇಕು. ರೈಲಿನ ಮುಂಗಡ ಕಾಯ್ದಿರಿಸುವಿಕೆ ತೆರೆಯುವುದು 60 ದಿನ ಮೊದಲು. ನಾಟಕಶಾಲೆಯ ಟಿಕೆಟ್ ಅದಕ್ಕಿಂತ ಮುಂಚೆಯೇ ಮಾರಾಟಕ್ಕೆ ಬಂದರೆ ಮೊದಲು ಅದನ್ನು ಹಿಡಿಯಿರಿ. ಶಿರಸಿಯವರು ಕುಮಟಾಕ್ಕೆ ಸುಮಾರು 60 ಕಿ.ಮೀ. ಘಟ್ಟ ಇಳಿಯಬೇಕು ಅಥವಾ ಹುಬ್ಬಳ್ಳಿಗೆ ಹೋಗಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ, ಗಾಡಿಗಳ ವೇಗ ಕಡಿಮೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಮಳೆಗಾಲದ ಪ್ರದರ್ಶನಕ್ಕಾದರೆ ಒಂದು ದಿನ ಮುಂಚೆ ಊರು ಬಿಡಿ. ಬೇಸರದ ಸಂಗತಿ ಎಂದರೆ ಮುಂಬೈಯ ಒಳ್ಳೆಯ ಋತು, ನವೆಂಬರಿನಿಂದ ಫೆಬ್ರವರಿ, ನಮ್ಮ ಅಡಿಕೆ ಕೊನೆಕೊಯ್ಲಿನ ಮೇಲೇ ಬೀಳುತ್ತದೆ. ಕೊನೆ ಕೊಯ್ಯುವ ಕೊನೆಗೌಡರ ದಿನ ಗೊತ್ತಾದ ಮೇಲೆಯೇ ತೋಟದವರು ದಿನಾಂಕ ಆರಿಸುವುದು ವಾಸಿ.

ತಡವಾಗಿ ಹೋದರೆ ಬಾಗಿಲು ತೆರೆಯುವುದಿಲ್ಲ, ವಿರಾಮದವರೆಗೆ ಹೊರಗೇ ನಿಲ್ಲಬೇಕಾಗಬಹುದು. ಮಂಡಕ್ಕಿ ಪೊಟ್ಟಣ ಒಳಗೆ ಬಿಡುವುದಿಲ್ಲ. ಸಿಳ್ಳೆ ಬೇಡ, 'ಬ್ರಾವೋ' ನಡೆಯುತ್ತದೆ.

ವಿದೇಶಕ್ಕೆ ಹೋಗುವ ಆಸೆ ಇದ್ದರೆ ಮೊದಲ ಯಾತ್ರೆಗೆ ಪ್ಯಾರಿಸ್, ಲಂಡನ್ನೇ ಆಗಬೇಕೆಂದಿಲ್ಲ. ಕಝಾಕಸ್ತಾನದ ಅಲ್ಮಾಟಿಯ ಅಬಾಯ್ ಆಪೆರಾ ಮತ್ತು ಬ್ಯಾಲೆ ಮಂದಿರದಲ್ಲಿ ರಷ್ಯನ್ ಸಂಪ್ರದಾಯದ ಪೂರ್ಣ ಪ್ರಯೋಗಗಳು ನಡೆಯುತ್ತವೆ. ಭಾರತೀಯರಿಗೆ ಕಝಾಕಸ್ತಾನದಲ್ಲಿ 14 ದಿನದವರೆಗೆ ವೀಸಾ ಬೇಕಿಲ್ಲ, ಆದರೂ ವಿಮಾನದ ಟಿಕೆಟ್ ಮಾಡುವ ದಿನ ನಿಯಮ ಇನ್ನೊಮ್ಮೆ ನೋಡಿ. ಜಾರ್ಜಿಯಾದ ರಾಜಧಾನಿ ಟ್ಬಿಲಿಸಿಯ ಬ್ಯಾಲೆ ತಂಡವನ್ನು 2004ರಿಂದ ನರ್ತಕಿ ನೀನಾ ಅನಾನಿಯಾಶ್ವಿಲಿ ಕಟ್ಟಿ ಬೆಳೆಸಿದ್ದಾರೆ, ಅದೂ ನೋಡತಕ್ಕದ್ದು. ಯುರೋಪಿನ ಋತು ಸೆಪ್ಟೆಂಬರಿನಿಂದ ಜೂನ್–ಜುಲೈವರೆಗೆ. ಮಕ್ಕಳಿಗೆ ರಜೆ ಎಂದು ಮೇ ತಿಂಗಳಲ್ಲಿ ಹೋದರೆ ಸಿಗುತ್ತದೆ, ಆಗಸ್ಟಿನಲ್ಲಿ ಹೋದರೆ ಮಂದಿರ ಮುಚ್ಚಿರುತ್ತದೆ. ಪ್ಯಾರಿಸ್ ಆಪೆರಾಕ್ಕೆ ಗಾರ್ನಿಯೇ, ಬಾಸ್ಟೀಲ್ ಎಂದು ಎರಡು ಕಟ್ಟಡ. ಗಾರ್ನಿಯೇಯ ಚಾವಣಿ ಚಿತ್ರ ನೋಡುವ ಆಸೆಯಿಂದ ಬಾಸ್ಟೀಲ್ ಟಿಕೆಟ್ ಕೊಂಡು ಪೆಚ್ಚಾದವರು ಬಹಳ. ಪ್ಯಾರಿಸ್ಸಿಗೆ ಬೇಕಾದ ಷೆಂಗೆನ್ ವೀಸಾ ಅರ್ಜಿಯನ್ನು ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. 30,000 ಯೂರೋ ವ್ಯಾಪ್ತಿಯ ಪ್ರಯಾಣ ವಿಮೆ ಕಡ್ಡಾಯ.

ಸಾಧ್ಯವಾದರೆ ಒಂದೇ ಬ್ಯಾಲೆಯನ್ನು ಎರಡು ರಾತ್ರಿ, ಎರಡು ಬೇರೆ ನರ್ತಕಿಯರಲ್ಲಿ ನೋಡಿ. ಯಕ್ಷಗಾನದಲ್ಲಿ ಒಂದೇ ಭಸ್ಮಾಸುರನನ್ನು ಚಿಟ್ಟಾಣಿ ರಾಮಚಂದ್ರ ಹೆಗಡೆಯವರಲ್ಲೂ ಬೇರೆಯವರಲ್ಲೂ ನೋಡಿ ಹೋಲಿಸಿದವರಿಗೆ ಇದರ ರುಚಿ ಹೇಳಬೇಕಿಲ್ಲ. ಪಾತ್ರವರ್ಗದ ಹಾಳೆಯನ್ನು ಅವತ್ತೇ ಎತ್ತಿಟ್ಟುಕೊಳ್ಳಿ. ಗಾಯವಾದರೆ ನರ್ತಕರು ಕೊನೆಗಳಿಗೆಯಲ್ಲಿ ಬದಲಾಗುತ್ತಾರೆ, ಜಾಲತಾಣದಲ್ಲಿದ್ದ ಹೆಸರೇ ರಂಗದ ಮೇಲೂ ಬಂತು ಎನ್ನುವಂತಿಲ್ಲ.

ಕೆಲವು ಮಂದಿರಗಳ ಅಂಗಡಿಯಲ್ಲಿ ನರ್ತಕಿಯರು ಸಹಿ ಹಾಕಿದ ಹಳೆಯ ಪಾಯಿಂಟ್ ಶೂ ಮಾರುತ್ತಾರೆ. ಕೊಂಡರೆ ಘಟ್ಟದ ಮೇಲಿನ ಮಳೆಗಾಲವನ್ನು ನೆನಪಿಟ್ಟುಕೊಳ್ಳಿ. ಅದರ ಅಂಟಿಗೆ ಬೂಷ್ಟು ಬೇಗ, ಜಿರಲೆಗೂ ಅದು ಪ್ರೀತಿ. ಗಾಜಿನ ಕಪಾಟು ಬೇಡ, ಅಟ್ಟದ ಹೊಗೆಯೂ ಬೇಡ. ಹೊಗೆಗೆ ಸ್ಯಾಟಿನ್ ಹಳದಿಯಾಗುತ್ತದೆ. ಬಿಸಿಲಲ್ಲಿ ಇಡದೆ ನೆರಳಿನ ಗಾಳಿಗೆ ಎರಡು ದಿನ ಒಣಗಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಬಿಸ್ಕತ್ತು ಡಬ್ಬದಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೂನ್ ಹುಟ್ಟುವ ಮುನ್ನ ಪೊಟ್ಟಣ ಬದಲಾಯಿಸಿ.